ಹಲ್ವದ ಹೊಸ ಡಬ್ಬ, ನನ್ನ ಹಳೆ ನವಿಲು

ನಮ್ಮೂರಿನ ಒಂದು ಸಿಹಿತಿಂಡಿ ಅಂಗಡಿಯವರು ಹಲ್ವಕ್ಕೆ ಹೊಸ ಡಬ್ಬ ಮಾಡಿಸಿದ್ದಾರೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಅಂಗಡಿಯ ಹಲ್ವದ ಹಳೆ ಡಬ್ಬ ಮಾಡಿದವಳು ನಾನೇ, 2003ರಲ್ಲಿ. ಹಾಗಾಗಿ ಹೊಸ ಡಬ್ಬದ ಬಗ್ಗೆ ಬರೆಯುವಾಗ ಅಲ್ಲಲ್ಲಿ ಹೊಟ್ಟೆಕಿಚ್ಚು ಕಂಡರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ಮಂಗಳೂರಿನ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ನಾನು 19 ವರ್ಷ ಡಿಟಿಪಿ ಮಾಡಿದೆ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ, ಚಿತ್ರ ಜೋಡಿಸುವ ಕೆಲಸ. ಮದುವೆ ಕಾಗದ, ಬಿಲ್ ಬುಕ್, ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್. ನಡುನಡುವೆ ಸ್ವೀಟ್ ಬಾಕ್ಸ್. ಆ ಹಲ್ವದ ಡಬ್ಬಕ್ಕೆ ಹಳದಿ ಬಣ್ಣ, ಕೆಂಪು ಅಕ್ಷರ, ಎರಡು ಬದಿಗೆ ಎರಡು ನವಿಲು, ನಡುವೆ ಒಂದು ಕಮಲ. ಹಲ್ವಕ್ಕೂ ನವಿಲಿಗೂ ಎಂತ ಸಂಬಂಧ ಎಂದು ಕೇಳಬೇಡಿ. ಕ್ಲಿಪ್ ಆರ್ಟ್ ಸಿಡಿಯಲ್ಲಿ ನವಿಲು ಚೆಂದ ಇತ್ತು, ಹಾಕಿದೆ. ಅಂಗಡಿಯ ಧಣಿಗಳು ನೋಡಿ, "ಆಯ್ತು, ಬಣ್ಣ ಇನ್ನೂ ಸ್ವಲ್ಪ ಕಣ್ಣಿಗೆ ಹೊಡೆಯಲಿ" ಎಂದರು. ನಮ್ಮ ಮಾರ್ಕೆಟ್ ರಿಸರ್ಚ್ ಅಷ್ಟೇ.

ಆ ಡಬ್ಬ 20 ವರ್ಷ ಓಡಿತು. ನಮ್ಮ ಮನೆಯಲ್ಲಿ ಈಗಲೂ ಒಂದರಲ್ಲಿ ಸೂಜಿ ನೂಲು, ಇನ್ನೊಂದರಲ್ಲಿ ಅತ್ತೆಯ ಮಾತ್ರೆಗಳು ಉಂಟು. ಊರಿನ ಎಷ್ಟು ಮನೆಗಳ ಕಪಾಟಿನಲ್ಲಿ ನನ್ನ ನವಿಲು ಕೂತಿದೆಯೋ, ಲೆಕ್ಕ ಇಲ್ಲ.

ಈಗ ಧಣಿಗಳ ಮಗ ಅಂಗಡಿಗೆ ಕೂತಿದ್ದಾರೆ. ಹೊಸ ದೀಪ, ಹೊಸ ಗಾಜು, ಒಂದು ಗೋಡೆ ಪೂರ್ತಿ ಹೊಸ ಪ್ಯಾಕೆಟ್. ಹಳೆ ಕೌಂಟರ್ ಮಾತ್ರ ಹಾಗೇ ಇದೆ. ಅಲ್ಲಿ ಇನ್ನೂ ತೂಗಿ ಕೊಡುತ್ತಾರೆ. ಸುಮ್ನೆ ಕೇಳಿದರೆ ಬಟರ್ ಪೇಪರಿನಲ್ಲಿ, ಡಬ್ಬ ಬೇಕೆಂದರೆ ಹಳೆ ಸ್ಟಾಕಿನ ನವಿಲಿನಲ್ಲಿ. ಅಂಗಡಿಯ ಹೆಸರು ಬೇಡ. ದೂರೂ ಉಂಟು, ಹೊಗಳಿಕೆಯೂ ಉಂಟು.

ಒಂದೇ ಅಡುಗೆಮನೆಯ ತಿಂಡಿ, ಎರಡು ವೇಷ. ಪ್ಯಾಕಿಂಗ್ ನಮ್ಮ ನಾಲಿಗೆಗೆ ಏನೇನು ಹೇಳಿಕೊಡುತ್ತದೆ ಎಂದು ನೋಡಲು ಇದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗಬೇಕು? ಮಳೆ ಜೋರಿರುವ ಆಟಿ ತಿಂಗಳ ಒಂದು ಸಂಜೆ, ಜಡಿಮಳೆಯಲ್ಲಿ, ಕೊಡೆ ಹಿಡಿದು ಹೋದೆ. ಬೊಂಬಾಯಿಯಿಂದ ನಾದಿನಿ ಬಂದಿದ್ದಳು, ಬೆಂಗಳೂರಿನಿಂದ ಮಗಳು. ಹೇಗೂ ಇಬ್ಬರಿಗೂ ಕಟ್ಟಿಕೊಡಬೇಕಿತ್ತು.

ಮೊದಲು ಹಲ್ವ. ಕೌಂಟರಿನಲ್ಲಿ ಗೋಧಿ ಹಲ್ವ ಕೆಜಿಗೆ 560 ರೂಪಾಯಿ, ಅರ್ಧ ಕೆಜಿಗೆ 280. ಗೋಡೆಯ ಡಬ್ಬದಲ್ಲಿ ಅದೇ ಅರ್ಧ ಕೆಜಿಗೆ 420. ಮೇಲಿನ 140 ಡಬ್ಬಕ್ಕೆ. ಅಂಥ ಡಬ್ಬ ಸಾವಿರ ಮಾಡಿಸಿದರೆ ನನ್ನ ಅಂದಾಜಿಗೆ ಒಂದಕ್ಕೆ 50ರ ಆಸುಪಾಸು ಬೀಳಬಹುದು.

ಡಬ್ಬ ಚೆಂದ ಉಂಟು, ಒಪ್ಪಲೇಬೇಕು. ಕಡುಹಸಿರು, ಹೊಳಪಿಲ್ಲದ ಮ್ಯಾಟ್ ಲ್ಯಾಮಿನೇಷನ್, ಮುಟ್ಟಿದರೆ ಕೆಸುವಿನ ಎಲೆಯ ಹಾಗೆ. ಹೆಸರಿಗೆ ಚಿನ್ನದ ಫಾಯಿಲ್, ಬೆರಳಿಗೆ ಸಿಗುವ ಹಾಗೆ ಉಬ್ಬಿಸಿದ್ದಾರೆ. ಮುಚ್ಚಳ ಎತ್ತಿದರೆ ಒಂದು ಕ್ಷಣ ಹಿಡಿದುಕೊಂಡು, ಆಮೇಲೆ ನಿಧಾನಕ್ಕೆ ಬಿಡುತ್ತದೆ, ದುಬಾರಿ ಫೋನಿನ ಡಬ್ಬದ ಹಾಗೆ. ಮುಚ್ಚಳವನ್ನು ಕೂದಲೆಳೆಯಷ್ಟು ಬಿಗಿ ಮಾಡಿದರೆ ಹಾಗಾಗುತ್ತದೆ. ಬೇಕೆಂದೇ ಮಾಡಿಸುವುದು. ಅಷ್ಟು ಮೆಲ್ಲ ತೆರೆಯುವುದರೊಳಗೆ ಏನೋ ಬೆಲೆಯದ್ದು ಇರಬೇಕು ಎಂದು ಕೈಗೇ ಅನಿಸಿಬಿಡುತ್ತದೆ.

ಮುಚ್ಚಳದ ಮೇಲೆ ತುಪ್ಪ ಸುರಿಯುವ ದೊಡ್ಡ ಚಿತ್ರ. ತಿರುಗಿಸಿ ಓದಿದೆ. ಯಾವುದರ ತೂಕ ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಎಂಬುದು ನಿಯಮ. ಸಕ್ಕರೆ, ಗೋಧಿ, ವನಸ್ಪತಿ, ತುಪ್ಪ, ಗೇರುಬೀಜ, ಐಎನ್‌ಎಸ್ 110. ಚಿತ್ರದಲ್ಲಿ ಮೊದಲನೆಯ ತುಪ್ಪ ಪಟ್ಟಿಯಲ್ಲಿ ನಾಲ್ಕನೆಯದು. ಐಎನ್‌ಎಸ್ ಎಂಬುದು ಆಹಾರಕ್ಕೆ ಸೇರಿಸುವ ವಸ್ತುಗಳ ನಂಬರು, 110 ಎಂದರೆ ಸನ್‌ಸೆಟ್ ಯೆಲ್ಲೋ, ಕಿತ್ತಳೆ ಛಾಯೆಯ ಬಣ್ಣ. ಹಲ್ವಕ್ಕೆ ಆ ಬಣ್ಣ ಬರುವುದು ಅದರಿಂದ, ನಾವು ಪುಣ್ಯ ಕೊಡುವುದು ತುಪ್ಪಕ್ಕೆ.

ಇನ್ನೊಂದು ಸಂಗತಿ. ಡಬ್ಬದ ಮೇಲೆ ಬಿಗಿಯಾಗಿ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿದ್ದರು. ಸಿಹಿತಿಂಡಿ ಡಬ್ಬಕ್ಕೆ ಸುತ್ತುವ ಆ ಹಾಳೆಗೆ 2022ರ ಜುಲೈ 1ರಿಂದ ದೇಶದಲ್ಲೆಲ್ಲ ನಿಷೇಧ ಇದೆ. ಹೇಳಿದೆ. "ಹಳೆ ಸ್ಟಾಕ್ ಅಕ್ಕ" ಎಂದರು. ಡಬ್ಬವೇ ಹೊಸತು, ಹಾಳೆ ಮಾತ್ರ ಹಳೆ ಸ್ಟಾಕ್!

ಮನೆಗೆ ಬಂದು ಒಂದು ಕುಚೋದ್ಯ ಮಾಡಿದೆ. ಹಸಿರು ಡಬ್ಬದ ಹಲ್ವವನ್ನು ತೂಗಿ, ಬೇರೆ ಪಾತ್ರೆಗೆ ಹಾಕಿ ಒಳಗಿಟ್ಟೆ. ಕೌಂಟರಿನಿಂದ ತಂದ ಹಲ್ವವನ್ನೇ ಎರಡು ಪಾಲು ಮಾಡಿದೆ. ಒಂದು ಪಾಲು ಹಸಿರು ಡಬ್ಬಕ್ಕೆ, ಇನ್ನೊಂದು ಬಟರ್ ಪೇಪರಿನಲ್ಲೇ. ಕಾಫಿಯ ಹೊತ್ತಿಗೆ ಎರಡನ್ನೂ ಮುಂದಿಟ್ಟೆ.

ನಾದಿನಿ ಡಬ್ಬದ್ದನ್ನು ಬಾಯಿಗೆ ಹಾಕಿ ಕಣ್ಣು ಮುಚ್ಚಿದಳು. "ಅತ್ತಿಗೆ, ಇದರಲ್ಲಿ ತುಪ್ಪ ಜಾಸ್ತಿ ಉಂಟು. ಅದು ಸ್ವಲ್ಪ ಹಲ್ಲಿಗೆ ಅಂಟುತ್ತದೆ." ಮಗಳೂ ಹೌದು ಎಂದಳು. ನನ್ನ ಗಂಡ ಎರಡೆರಡು ಸಲ ತಿಂದು, ನ್ಯಾಯ ಹೇಳುವವರ ಹಾಗೆ ಗಂಟಲು ಸರಿಮಾಡಿಕೊಂಡು, ಡಬ್ಬದ್ದಕ್ಕೆ ಏಲಕ್ಕಿ ಬಿದ್ದಿದೆ, ಇದಕ್ಕೆ ಬಿದ್ದಿಲ್ಲ ಎಂದರು. ಒಂದೇ ಗಡ್ಡೆಯ ಎರಡು ತುಂಡು ಮಾರಾಯ್ರೆ!

ಅತ್ತೆಗೆ 82. ಅವರು ಮೋಸ ಹೋಗಲಿಕ್ಕಿಲ್ಲ ಎಂದು ಗ್ರಹಿಸಿದ್ದೆ. ಅವರು ಬಟರ್ ಪೇಪರಿನದ್ದನ್ನು ತೋರಿಸಿ, "ಇದು ಲಾಯ್ಕುಂಟು. ಕೈಯ ಹದ. ಡಬ್ಬದ್ದು ಮಿಷನ್ನಿನದ್ದು" ಎಂದರು. ಅವರೂ ಮೋಸ ಹೋದರು, ಉಲ್ಟಾ ದಿಕ್ಕಿಗೆ.

ವಿಷಯ ಹೇಳಿದ ಮೇಲೂ ಯಾರೂ ಒಪ್ಪಲಿಲ್ಲ. ಗಂಡ ಈಗಲೂ ಆ ಏಲಕ್ಕಿಗೆ ಅಂಟಿಕೊಂಡಿದ್ದಾರೆ, ಹಲ್ವದ ಹಾಗೆ. ನನ್ನ ಕಥೆಯನ್ನೂ ಹೇಳುತ್ತೇನೆ. ಎಲ್ಲ ಗೊತ್ತಿದ್ದೂ ನನಗೆ ಡಬ್ಬದ್ದೇ ಒಂದು ಕೂದಲು ಮೇಲೆ ಅನಿಸಿತು.

ಅಮೆರಿಕದ ಮಾರ್ಕೆಟಿಂಗ್ ತಜ್ಞ ಲೂಯಿ ಚೆಸ್ಕಿನ್ ಎಂಬವರು ಕಳೆದ ಶತಮಾನದಲ್ಲೇ ಇದಕ್ಕೊಂದು ಹೆಸರಿಟ್ಟಿದ್ದರು, ಸೆನ್ಸೇಷನ್ ಟ್ರಾನ್ಸ್‌ಫರೆನ್ಸ್ ಎಂದು. ಹೊದಿಕೆ ನೋಡಿ ಹುಟ್ಟಿದ ಭಾವನೆಯನ್ನು ನಾವು ಒಳಗಿನ ವಸ್ತುವಿನ ಖಾತೆಗೆ ಜಮಾ ಮಾಡುತ್ತೇವೆ ಎಂಬುದು ಅವರ ಮಾತು. ಮಾರ್ಗರಿನ್ ಬೆಣ್ಣೆಯ ಹಾಗೆ ಹಳದಿ ಇರಬೇಕು, ಮೇಲೆ ಹೊಳೆಯುವ ಫಾಯಿಲ್ ಇರಬೇಕು ಎಂದು ಹೇಳಿಕೊಟ್ಟವರು ಅವರು. ಪ್ರೆಸ್ಸಿನಲ್ಲಿ ನಮಗೆ ಚೆಸ್ಕಿನ್ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ತುಪ್ಪದ್ದಕ್ಕೆ ಚಿನ್ನದ ಬಣ್ಣ, ಬೆಲ್ಲದ್ದಕ್ಕೆ ಕಂದು, ಖಾರಕ್ಕೆ ಕೆಂಪು. ಹೊಳಪು ಲ್ಯಾಮಿನೇಷನ್ ಹಾಕಿದರೆ ಹಬ್ಬದ ಸಿಹಿ, ಮ್ಯಾಟ್ ಹಾಕಿದರೆ ದೊಡ್ಡವರ ಮನೆಯದ್ದು. ಕ್ರಾಫ್ಟ್ ಕಾಗದದಲ್ಲಿ ಸುತ್ತಿದರೆ ಎಣ್ಣೆಯಲ್ಲಿ ಕರಿದದ್ದೂ ಆರೋಗ್ಯಕ್ಕೆ ಒಳ್ಳೆಯದು!

ಹಾಗೆ ನೋಡಿದರೆ ಹೊದಿಕೆ ರುಚಿ ಕೊಡುವುದು ನಮ್ಮೂರಿಗೆ ಹೊಸತೇನೂ ಅಲ್ಲ. ಅದೇ ಹಿಟ್ಟನ್ನು ತಟ್ಟೆಯಲ್ಲಿ ಬೇಯಿಸಿದರೆ ಇಡ್ಲಿ. ಕೇದಗೆ ಜಾತಿಯ ಮುಂಡುಕದ ಎಲೆಯ ಕೊಳವೆಗೆ ಹೊಯ್ದರೆ ಮೂಡೆ. ಹಲಸಿನ ಎಲೆಯ ಕೊಟ್ಟೆಯಲ್ಲಿಟ್ಟರೆ ಗುಂಡ. ಅಲ್ಲಿ ಎಲೆಯ ಪರಿಮಳ ನಿಜವಾಗಿಯೂ ಹಿಟ್ಟಿಗೆ ಹತ್ತುತ್ತದೆ. ಪಣಂಬೂರಿನ ಕಡಲ ಬದಿಯ ಚರುಮುರಿಯನ್ನು ಮನೆಯ ಸ್ಟೀಲ್ ತಟ್ಟೆಗೆ ಹಾಕಿ ನೋಡಿ, ಏನೋ ಕಡಿಮೆ. ಅದಕ್ಕೆ ಪೇಪರಿನ ಪೊಟ್ಟಣವೇ ಆಗಬೇಕು. ನ್ಯೂಸ್‌ಪೇಪರಿನಲ್ಲಿ ತಿಂಡಿ ಕಟ್ಟಬಾರದು ಎಂದು ಆಹಾರ ಸುರಕ್ಷತೆ ನೋಡಿಕೊಳ್ಳುವ ಸರಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮ ಉಂಟು, ಶಾಯಿ ಆಹಾರಕ್ಕೆ ಇಳಿಯುತ್ತದೆ. ಆ ಶಾಯಿಯ ವಾಸನೆಯಲ್ಲೇ 19 ವರ್ಷ ಕಳೆದವಳಾಗಿ ಹೇಳುತ್ತೇನೆ, ನಿಯಮ ಸರಿಯೇ. ಬಿಳಿ ಕಾಗದದ ಪೊಟ್ಟಣವೂ ಆಗುತ್ತದೆ.

ಇನ್ನು ಚಿಪ್ಸ್. ನೇಂದ್ರ ಬಾಳೆಕಾಯಿಯದ್ದು, 200 ಗ್ರಾಂ ಪೌಚಿಗೆ 130 ರೂಪಾಯಿ. ಕೌಂಟರಿನಲ್ಲಿ ಕೆಜಿಗೆ 440, ಅಂದರೆ ಅಷ್ಟೇ ತೂಕಕ್ಕೆ 88.

ಪೌಚಿನ ಚಿತ್ರ ನೋಡಿ ನಗು ಬಂತು. ಹೆಂಚಿನ ಮನೆ, ಸೆಗಣಿ ಸಾರಿಸಿದ ಅಂಗಳ, ದೊಡ್ಡ ಕುಂಕುಮದ ಅಜ್ಜಿ, ಮೂಲೆಯಲ್ಲಿ ಯಕ್ಷಗಾನದ ವೇಷ. ಮೇಲೆ 'ಉಡುಪಿ ಶೈಲಿ' ಎಂದು ಬರೆದು ವೇಷಕ್ಕೆ ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ, ಕಿರೀಟ ಇಟ್ಟಿದ್ದಾರೆ. ಉಡುಪಿ ಕಡೆಯ, ಉತ್ತರದ ಶೈಲಿಯ ಬಡಗುತಿಟ್ಟಿನ ಮುಂಡಾಸು ಎಲ್ಲಿ, ಇದೆಲ್ಲಿ? ಹ್ಯಾಂಡ್‌ಬಿಲ್ಲಿನಲ್ಲಿ ನಾನು ಹೀಗೆ ಮಾಡಿದ್ದರೆ ಮೇಳದವರು ಪ್ರೆಸ್ಸಿಗೇ ಬಂದು ಚೆಂಡೆ ಬಾರಿಸುತ್ತಿದ್ದರು.

ಅಜ್ಜಿಯ ಪಕ್ಕ ಒಡೆದ ತೆಂಗಿನಕಾಯಿ. ಹಿಂದೆ ಪಟ್ಟಿಯಲ್ಲಿ ಬಾಳೆಕಾಯಿ, ಪಾಮೋಲಿನ್, ಉಪ್ಪು, ಅರಶಿನ. ತೆಂಗಿನೆಣ್ಣೆಯಲ್ಲಿ ಕರಿದದ್ದು ಎಂದು ಎಲ್ಲೂ ಬರೆದಿಲ್ಲ ನೋಡಿ. ಸುಳ್ಳು ಬರೆದರೆ ಸಿಕ್ಕಿಬೀಳುತ್ತಾರೆ, ಚಿತ್ರಕ್ಕೆ ಆ ಭಯ ಕಡಿಮೆ. ಉಳಿದದ್ದನ್ನು ನಮ್ಮ ಮೂಗೇ ಮಾಡಿಕೊಳ್ಳುತ್ತದೆ. ಮಗಳು ಪೌಚ್ ಒಡೆದ ಕೂಡಲೇ, "ಆಹಾ, ತೆಂಗಿನೆಣ್ಣೆ ಪರಿಮಳ" ಎಂದಳು.

ಇಷ್ಟೆಲ್ಲ ಆದರೂ ಪೌಚಿಗೆ ನಾನು ಅಂಕ ಕೊಡುತ್ತೇನೆ. ಆಟಿಯ ಗಾಳಿ ಹೇಗೆ, ಗೊತ್ತಲ್ಲ? ಒಗೆದ ಬಟ್ಟೆ ನಾಲ್ಕು ದಿನಕ್ಕೂ ಒಣಗುವುದಿಲ್ಲ, ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ. ಕೌಂಟರಿನಲ್ಲಿ ಪ್ಲಾಸ್ಟಿಕ್ ತೊಟ್ಟೆಗೆ ಹಾಕಿ ಕೊಟ್ಟ ಚಿಪ್ಸ್ ಮೊದಲ ದಿನ ಪೌಚಿನದ್ದಕ್ಕಿಂತ ಲಾಯ್ಕಿತ್ತು. ಅದೇ ಬೆಳಿಗ್ಗೆ ಕರಿದದ್ದು. ಮೂರನೆಯ ದಿನ ಬಾಗುತ್ತದೆ, ಮುರಿಯುವುದಿಲ್ಲ. ಹತ್ತನೆಯ ದಿನಕ್ಕೆ ಕಮಟು. ಇನ್ನೊಂದು ಪೌಚನ್ನು ನಾನು ಹನ್ನೆರಡನೆಯ ದಿನ ಒಡೆದೆ. ಚಟ್ಟನೆ ಮುರಿಯಿತು.

ಪೌಚಿನ ಒಳಮೈಯ ಬೆಳ್ಳಿ ಹೊಳಪು ಬರೀ ಶೋಕಿಗೆ ಹಾಕಿದ್ದಲ್ಲ. ಪ್ಲಾಸ್ಟಿಕ್ ಹಾಳೆಗೆ ಹಿಡಿಸಿದ ಅಲ್ಯುಮಿನಿಯಂನ ತೆಳು ಲೇಪ ಅದು. ತೇವ, ಬೆಳಕು, ಆಮ್ಲಜನಕ ಒಳಗೆ ನುಗ್ಗದಂತೆ ತಡೆಯುತ್ತದೆ. ಎಣ್ಣೆ ಕಮಟಾಗುವುದು ಆಮ್ಲಜನಕದಿಂದ. ಅದಕ್ಕೇ ಒಳಗಿನ ಗಾಳಿ ಹೊರಗೆ ಹಾಕಿ ನೈಟ್ರೋಜನ್ ತುಂಬುತ್ತಾರೆ. ಅರ್ಧ ಪ್ಯಾಕೆಟ್ ಗಾಳಿಗೇ ದುಡ್ಡು ಎಂದು ನಾವು ಬೈಯುವುದು ಇದನ್ನೇ. ಚಿಪ್ಸ್ ಪುಡಿಯಾಗದಂತೆ ದಿಂಬಿನ ಕೆಲಸವೂ ಅದರದ್ದು. ಮಗಳು ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತುವಾಗ ಪೌಚ್ ಬಲೂನಿನ ಹಾಗೆ ಉಬ್ಬಿತಂತೆ. "ಅಮ್ಮ, ಹಾಳಾಯ್ತಾ ಎಂತ?" ಎಂದು ಫೋನ್. ಹಾಳಾಗಲಿಲ್ಲ. ಮೇಲೆ ಹೋದ ಹಾಗೆ ಹೊರಗಿನ ಗಾಳಿಯ ಒತ್ತಡ ಕಡಿಮೆ. ಒಳಗೆ ಇರುವುದು ಕಡಲ ಬದಿಯಲ್ಲಿ ತುಂಬಿದ ಒತ್ತಡ. ಉಬ್ಬದೆ ಇನ್ನೇನು ಮಾಡೀತು?

ಈ ಪೌಚಿಗೆ ಸದ್ದೂ ಜಾಸ್ತಿ. ಕೈಗೆತ್ತಿಕೊಂಡರೆ ಚರಪರ ಎನ್ನುತ್ತದೆ. ತೊಟ್ಟೆ ಪಾಪ, ಮಾತಾಡುವುದಿಲ್ಲ. ಸಂಶೋಧಕರಾದ ಮಾಸಿಮಿಲಿಯಾನೊ ಝಾಂಪಿನಿ ಮತ್ತು ಆಕ್ಸ್‌ಫರ್ಡಿನ ಚಾರ್ಲ್ಸ್ ಸ್ಪೆನ್ಸ್ 2004ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ಬಗ್ಗೆ ಓದಿದ್ದೆ. ಜನರಿಗೆ ಪ್ರಿಂಗಲ್ಸ್ ಕಚ್ಚಲು ಕೊಟ್ಟು, ಆ ಸದ್ದನ್ನು ಮೈಕಿನಲ್ಲಿ ಹಿಡಿದು, ಹೆಡ್‌ಫೋನಿನಲ್ಲಿ ಅವರ ಕಿವಿಗೇ ಹಾಕಿದರು. ಸದ್ದು ಜೋರು ಮಾಡಿದಾಗ ಅದೇ ಚಿಪ್ಸ್ ಹೆಚ್ಚು ಗರಿಗರಿ, ಹೆಚ್ಚು ತಾಜಾ ಅನಿಸಿತು. 2008ರಲ್ಲಿ ಇದಕ್ಕೆ ಇಗ್ ನೊಬೆಲ್ ಎಂಬ ತಮಾಷೆಯ ಬಹುಮಾನವೂ ಬಂತು. ನಮ್ಮ ಮನೆಯ ಹಲ್ವದ ಪ್ರಯೋಗಕ್ಕೂ ಯಾರಾದರೂ ಕೊಟ್ಟರೆ ಬೇಡ ಎನ್ನುವುದಿಲ್ಲ.

ಪೌಚ್ ಹೊರಗಿನಿಂದ ಕಂದು ಕಾಗದದ ಹಾಗೆ ಕಾಣುತ್ತದೆ. ಅದನ್ನು ನಂಬಿ ಬಚ್ಚಲ ಒಲೆಗೆ ಹಾಕಬೇಡಿ. ಒಳಗಿರುವುದು ಪ್ಲಾಸ್ಟಿಕ್ಕೇ.

ಚಕ್ಕುಲಿಯದ್ದು ಬೇಗ ಮುಗಿಸುತ್ತೇನೆ. ಪ್ಲಾಸ್ಟಿಕ್ ಜಾರಿನಲ್ಲಿ 250 ಗ್ರಾಂ, 150 ರೂಪಾಯಿ. ಜಾರಿನ ತಳ ಒಳಕ್ಕೆ ಏರಿದೆ, ಹೊರಗಿನಿಂದ ತುಂಬಿ ತುಳುಕುತ್ತಿದೆ ಅನಿಸುತ್ತದೆ. ಎಣಿಸಿದರೆ ಹನ್ನೊಂದು, ಅದರಲ್ಲಿ ಮೂರು ಪುಡಿ. ಲೇಬಲಿನಲ್ಲಿ 'ಚಕ್‌ಕುಲಿ' ಎಂದು ಒತ್ತಕ್ಷರ ಒಡೆದು ಹೋಗಿದೆ. ಕನ್ನಡ ಸರಿಯಾಗಿ ಕೂರಿಸದ ಸಾಫ್ಟ್‌ವೇರಿಗೆ ಅಕ್ಷರ ಅಂಟಿಸಿದರೆ ಹೀಗಾಗುತ್ತದೆ. ಇಂಗ್ಲಿಷ್ ಹೆಸರಿನಲ್ಲಿ ಒಂದು ಚುಕ್ಕೆಯೂ ತಪ್ಪಿಲ್ಲ. ಕನ್ನಡ ಪ್ರೂಫ್ ನೋಡುವವರಿಗೆ ದುಡ್ಡು ಕೊಡಲು ಎಲ್ಲರಿಗೂ ಕಷ್ಟ, ಅಲ್ವಾ?

ಈಗ ತೂಕದ ಮಾತು. ಇಲ್ಲಿ ನಾನು ತಲೆ ತಗ್ಗಿಸಬೇಕು.

ಹಸಿರು ಡಬ್ಬ ಖಾಲಿ ತೂಗಿದರೆ 148 ಗ್ರಾಂ. ಒಳಗಿದ್ದ ಹಲ್ವ 496. ಮೇಲೆ ಬರೆದ ನಿವ್ವಳ ತೂಕ 500. ನಾಲ್ಕು ಗ್ರಾಂ ಆಚೀಚೆಗೆ ನಿಯಮವೇ ಜಾಗ ಬಿಟ್ಟಿದೆ. ಚಿತ್ರದಲ್ಲಿ ಎಷ್ಟು ತುಪ್ಪ ಸುರಿಸಿದ್ದರೂ ತೂಕದಲ್ಲಿ ಹಸಿರು ಡಬ್ಬ ಮೋಸ ಮಾಡಲಿಲ್ಲ.

ನನ್ನ ನವಿಲು? 2003ರಲ್ಲಿ ನಾವು 300 ಜಿಎಸ್‌ಎಂ ಡ್ಯುಪ್ಲೆಕ್ಸ್ ಬೋರ್ಡಿನಲ್ಲಿ, ಅಂದರೆ ಡಬ್ಬ ಮಾಡುವ ರಟ್ಟಿನಲ್ಲಿ, ಸ್ಯಾಂಪಲ್ ಮಾಡಿ ಕೊಟ್ಟೆವು. ಧಣಿಗಳು ಒತ್ತಿ ನೋಡಿ, "ಇನ್ನೂ ದಪ್ಪದ್ದು ಹಾಕಿ, ಡಬ್ಬ ಗಟ್ಟಿ ಇರಬೇಕು" ಎಂದರು. 400 ಹಾಕಿದೆವು. ಎಷ್ಟು ಒಳ್ಳೆ ಮನುಷ್ಯ, ದುಡ್ಡು ನೋಡುವುದಿಲ್ಲ ಎಂದು ನಾನು ಮನೆಯಲ್ಲಿ ಹೊಗಳಿದ್ದೂ ಉಂಟು. ಕೆಲವು ತಿಂಗಳ ಮೇಲೆ ಗಿರಾಕಿಯಾಗಿ ಹೋಗಿ ನಿಂತಾಗ ಗೊತ್ತಾಯಿತು. ಹುಡುಗ ಡಬ್ಬವನ್ನು ತಕ್ಕಡಿಯ ಮೇಲಿಟ್ಟ, ಅದಕ್ಕೆ ಹಲ್ವ ತುಂಬಿದ, ಒಟ್ಟಿಗೇ ತೂಗಿದ.

ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಬೋರ್ಡಿನ ತೂಕ, ಗ್ರಾಮಿನಲ್ಲಿ. ಅರ್ಧ ಕೆಜಿಯ ಡಬ್ಬಕ್ಕೆ ತಳ, ಮುಚ್ಚಳ ಸೇರಿ 0.16 ಚದರ ಮೀಟರ್ ಬೋರ್ಡು. ಅಳತೆ ಹಾಕಿದವಳೇ ನಾನು. 300ರ ಬೋರ್ಡಿನಲ್ಲಿ 48 ಗ್ರಾಂ ಆಗುತ್ತಿತ್ತು, 400ರಲ್ಲಿ 64 ಆಯಿತು. ಆಗ ಹಲ್ವ ಕೆಜಿಗೆ 120. ಹಲ್ವದ ರೇಟಿನಲ್ಲಿ ಆ ರಟ್ಟಿಗೆ ಗಿರಾಕಿ ಕೊಟ್ಟದ್ದು ಏಳೂವರೆ ರೂಪಾಯಿಯ ಮೇಲೆ. ನಮ್ಮ ಪ್ರೆಸ್ಸಿಗೆ ಸಿಕ್ಕಿದ್ದು ಡಬ್ಬಕ್ಕೆ ಮೂರು. ಸಕ್ಕರೆ ಬೇಡ, ತುಪ್ಪ ಬೇಡ, ಒಲೆಯ ಮುಂದೆ ಮಗುಚುವುದೂ ಬೇಡ. ನನ್ನ ನವಿಲಿನಲ್ಲೇ ಲಾಭ.

ಡಬ್ಬದ ತೂಕ ಕಳೆದೇ ತೂಗಬೇಕು ಎಂಬುದು ಕಾನೂನು ಮಾಪನಶಾಸ್ತ್ರದ, ಅಂದರೆ ತೂಕ ಅಳತೆಯ ಕಾನೂನಿನ, ನಿಯಮ. ನಾನು ಆ ದಿನ ಬಾಯಿ ಬಿಡಲಿಲ್ಲ. ಪ್ರೆಸ್ಸಿಗೆ ಅವರ ಬಿಲ್ ಬಾಕಿ ಇತ್ತು, ದೀಪಾವಳಿಯ ಆರ್ಡರ್ ಬೇಕಿತ್ತು.

ಈ ಸಲ ನಾದಿನಿ ಹೊರಡುವ ಮೊದಲು ಇನ್ನೊಮ್ಮೆ ಹೋದೆ. ಕೌಂಟರಿನಲ್ಲಿ ನವಿಲಿನ ಡಬ್ಬವನ್ನೇ ಕೇಳಿದೆ. "ಡಬ್ಬ ಇಟ್ಟು ಮೊದಲು ಸೊನ್ನೆ ಮಾಡಪ್ಪ" ಎಂದೆ. ಹುಡುಗ ಒಂದು ಮಾತಾಡದೆ ಗುಂಡಿ ಒತ್ತಿದ, ಸೊನ್ನೆ ಬಂತು. ನನ್ನ ಹಿಂದೆ ನಿಂತವರು ಏನೂ ಹೇಳಲಿಲ್ಲ, ಅವರಿಗೆ ಒತ್ತಲಿಲ್ಲ. ಇವತ್ತಿನ ರೇಟಿನಲ್ಲಿ ಅವರ ಕೈಯಿಂದ 36 ರೂಪಾಯಿ ಹೋಯಿತು. ನಾನು ತಿರುಗಿ ಅವರಿಗೆ ಹೇಳಿದೆ. ಧಣಿಗಳ ಮಗ ನನ್ನನ್ನೊಮ್ಮೆ ನೋಡಿದರು. ಈಗ ನನಗೆ ಯಾವ ಆರ್ಡರೂ ಬೇಡ.

ಬಿಡಿ ಸಿಹಿಯ ಟ್ರೇಗಳಲ್ಲಿ ಯಾವ ತಾರೀಕಿನೊಳಗೆ ತಿನ್ನಬೇಕು ಎಂದು ಬರೆದಿಡಬೇಕು, 2020ರ ಅಕ್ಟೋಬರಿನಿಂದ. ಇಲ್ಲಿ ಎರಡು ಟ್ರೇಗಳಿಗೆ ಚೀಟಿ ಇತ್ತು, ಉಳಿದವಕ್ಕೆ ಇಲ್ಲ. ಕೇಳಿದರೆ ಬಾಯಲ್ಲಿ ಹೇಳುತ್ತಾರೆ. ಗೋಡೆಯ ಡಬ್ಬಗಳಲ್ಲಿ ಎಲ್ಲ ಮುದ್ರಿಸಿದ್ದಾರೆ.

ಹಾಗಾದರೆ ಎಂತ ತೆಗೆದುಕೊಳ್ಳುವುದು? ಎರಡು ದಿನದಲ್ಲಿ ಮುಗಿಯುವ ಚಿಪ್ಸ್ ಆದರೆ ತೂಗಿಸಿ ತನ್ನಿ. ಘಾಟಿ ಹತ್ತಿಸುವುದಾದರೆ ಪೌಚೇ ಸೈ. ಮನೆಯಲ್ಲಿ ತಿನ್ನುವ ಹಲ್ವಕ್ಕೆ ಬಟರ್ ಪೇಪರ್ ಸಾಕು. ಜಾರಿನ ಚಕ್ಕುಲಿ ಬೇಡ, ಜಾರು ಬೇಕಿದ್ದರೆ ಮಾತ್ರ. ಹಸಿರು ಡಬ್ಬಕ್ಕೆ 140 ಜಾಸ್ತಿ ಎಂದು ಬೈದರೂ ನಾನೇ ಮೂರು ಕಟ್ಟಿಸಿದೆ. ನಾದಿನಿಗೆ ಬೊಂಬಾಯಿಯಲ್ಲಿ ಬೀಗರ ಮನೆಗೆ ಕೊಡಲಿಕ್ಕಿತ್ತು. ಬೀಗರ ಮನೆಗೆ ಬಟರ್ ಪೇಪರ್ ಕಟ್ಟ ಹಿಡಿದು ಹೋಗಲಿಕ್ಕೆ ಆಗುತ್ತದಾ?

ಮನೆಯಲ್ಲಿ ಉಳಿದ ಖಾಲಿ ಹಸಿರು ಡಬ್ಬವನ್ನು ಅತ್ತೆ ತೆಗೆದುಕೊಂಡರು. ಮಾತ್ರೆಗಳನ್ನೆಲ್ಲ ನವಿಲಿನಿಂದ ಅದಕ್ಕೆ ವರ್ಗ ಮಾಡಿದ್ದಾರೆ. "ಇದರ ಮುಚ್ಚಳ ಗಟ್ಟಿ, ಮಳೆಗಾಲಕ್ಕೆ ಆಗ್ತದೆ" ಎಂದರು. ಖಾಲಿಯಾದ ನವಿಲನ್ನು ನಾನು ತಕ್ಕಡಿಯ ಮೇಲಿಟ್ಟೆ. ಇಷ್ಟು ವರ್ಷದ ಧೂಳೂ ಸೇರಿ 66 ಗ್ರಾಂ.